ಇಪ್ಪತ್ತಮೂರನೆಯ ಬಾಟಲಿ

ಜೂನ್ ೧೮

ತಮ್ಮಾ,

ಈ ಹಾಳೆಯ ಹಿಂಬದಿಯಲ್ಲಿ ಹೋದ ವರ್ಷದ ಗಣಿತದ ಪ್ರಶ್ನೆಪತ್ರಿಕೆ ಇದೆ. ಬಿಡುವಿದ್ದರೆ ಉತ್ತರ ಬರೆ. ಬಿಡುವಿಲ್ಲದಿದ್ದರೆ ಪಾಸಾದೆ ಎಂದುಕೋ, ನಾನೇನೂ ಕೇಳುವುದಿಲ್ಲ.

ಎರಡನೇ ತರಗತಿಗೆ ಈ ವರ್ಷವೂ ಕಸದ ಪಾಠ ನಾನೇ ಮಾಡುತ್ತಿದ್ದೇನೆ. ನೀನು ಆ ವಿಂಗಡಣೆ ಶೆಡ್ಡಿಗೆ ಕೆಲಸಕ್ಕೆ ಸೇರಿದ ವರ್ಷದಿಂದ ಲೆಕ್ಕ ಹಾಕಿದರೆ ಇದು ಹನ್ನೊಂದನೆಯ ಸಲ. ಈಗೀಗ ನನ್ನ ಮುಖ ಕಂಡರೆ ಮಕ್ಕಳಿಗೆ ಕಸದ ನೆನಪಾಗುತ್ತದೆ. ಬೀದಿಯಲ್ಲಿ ಸಿಕ್ಕ ಹಳೆಯ ವಿದ್ಯಾರ್ಥಿಗಳೂ ನಮಸ್ಕಾರ ಮಾಡುವ ಮೊದಲು ಕೈಯಲ್ಲಿದ್ದ ಸಿಪ್ಪೆಯನ್ನು ಬಚ್ಚಿಡುತ್ತಾರೆ. ಪದ್ಯವೂ ಹಳೆಯದೇ:

ಹಸಿಯ ಕಸ ಹಸಿರು ಡಬ್ಬಿಗೆ,
ಒಣಗಿದ ಕಸ ನೀಲಿ ಡಬ್ಬಿಗೆ,
ಎರಡೂ ಕಲೆಸಿ ಸುಮ್ಮನೆ ಕೂತರೆ
ಮೂಗೇ ಗತಿ ಆ ಗಬ್ಬಿಗೆ!

ಈ ಸಲ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಾಳೆ. ಅವಳ ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇದೆ. ನಮಗೆಲ್ಲ ಅವಳು ಯಾಕಮ್ಮ. ಮೊನ್ನೆ ಪದ್ಯ ಮುಗಿದ ಮೇಲೆ ಎದ್ದು ನಿಂತಳು.

“ಮಿಸ್, ಡಬ್ಬಿಯಿಂದ ಎಲ್ಲಿಗೆ ಹೋಗುತ್ತೆ?”

“ಗಾಡಿಗೆ. ಗಾಡಿಯಿಂದ ದೊಡ್ಡ ಲಾರಿಗೆ. ಲಾರಿ ನನ್ನ ತಮ್ಮನ ಊರಿಗೆ ಹೋಗುತ್ತೆ. ಅಲ್ಲಿ ಬೇರೆ ಬೇರೆ ಮಾಡಿ, ಬಾಟಲಿ ಕರಗಿಸಿ, ಮಗ್ ಮಾಡ್ತಾರೆ.”

“ನೀವು ನೋಡಿದೀರಾ?”

“ಇಲ್ಲ.”

“ಮತ್ತೆ ಯಾಕೆ ಹೇಳ್ತೀರಿ?”

ತಪ್ಪು ನನ್ನದೇ. ಹಿಂದಿನ ವಾರ ಶಾಲೆಯ ಹಿತ್ತಿಲಲ್ಲಿ ಗುಂಡಿ ತೋಡಿ ಬಾಳೆಹಣ್ಣಿನ ಸಿಪ್ಪೆ, ಎಲೆ, ಕಾಗದ, ಬಾಟಲಿಯ ಮುಚ್ಚಳ ಎಲ್ಲ ಹೂತೆವು. ಸೆಪ್ಟೆಂಬರಿನಲ್ಲಿ ಅಗೆದು, ಕೊಳೆತದ್ದು ಯಾವುದು, ಕೊಳೆಯದ್ದು ಯಾವುದು ಎಂದು ನೋಡುವುದಿದೆ. ಆಗ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದ್ದೆ: ‘ಕಣ್ಣಲ್ಲಿ ಕಂಡದ್ದನ್ನೇ ಬರೆಯೋಣ.’ ಯಾಕಮ್ಮ ಆ ಗೋಡೆಯ ಕಡೆ ಒಮ್ಮೆ ನೋಡಿದಳು, ನನ್ನ ಕಡೆ ಒಮ್ಮೆ ನೋಡಿದಳು.

ಹೀಗಾಗಿ ನಿನ್ನ ಸಹಾಯ ಬೇಕು. ಪಾಲಕರ ದಿನಕ್ಕೆ ಒಂದು ಚಾರ್ಟ್ ಆಗಬೇಕಿದೆ. ಮನೆ, ಡಬ್ಬಿ, ಲಾರಿ, ನಿನ್ನ ಶೆಡ್, ಹೊಸ ಮಗ್, ಮತ್ತೆ ಮನೆ. ನಡುವೆ ಬಾಣಗಳು, ದುಂಡಗೆ ಒಂದು ಸುತ್ತು. ಲಾರಿಯಿಂದ ಶೆಡ್ಡಿಗೆ ಹೋಗುವ ಬಾಣವನ್ನು ಪೆನ್ಸಿಲಿನಲ್ಲಿ ಬಿಟ್ಟಿದ್ದೇನೆ. ಇಪ್ಪತ್ತಮೂರು ಮಕ್ಕಳು ಇಪ್ಪತ್ತಮೂರು ಬಾಟಲಿಗಳ ಕತ್ತಿಗೆ ಕೆಂಪು ದಾರ ಕಟ್ಟಿ ಗಾಡಿಗೆ ಹಾಕುತ್ತಾರೆ. ನಿನ್ನ ಶೆಡ್ಡಿನಲ್ಲಿ ಕಸ ಸಾಗುವ ಬೆಲ್ಟಿನ ಮೇಲೆ ಅದನ್ನು ಕಂಡ ದಿನ ಒಂದು ಕಾಗದ ಹಾಕು. ಆ ಮೇಲೆ ಬಾಣಕ್ಕೆ ಶಾಯಿ. ಫೋನು ಮಾಡಬೇಡ. ಫೋನಿನಲ್ಲಿ ನೀನು ‘ಹೂಂ’ ಎನ್ನುತ್ತೀಯ, ಆ ಹೂಂ ಅನ್ನು ಮಕ್ಕಳಿಗೆ ಓದಿ ಹೇಳುವುದು ಹೇಗೆ?

ನಿನ್ನ ಅಕ್ಕ

ಜೂನ್ ೨೭

ಅಕ್ಕಾ,

ನಿನ್ನ ನಾಲ್ಕನೆಯ ಪ್ರಶ್ನೆ ತಪ್ಪು. ಬುಟ್ಟಿಯಲ್ಲಿ ಹನ್ನೆರಡು ಹಣ್ಣು, ಮೂರು ಕೊಳೆತರೆ ಉಳಿದದ್ದು ಎಷ್ಟು ಎಂದು ಕೇಳಿದ್ದೀಯ. ಮೂರು ಕೊಳೆತ ಬುಟ್ಟಿಯಲ್ಲಿ ಒಂಬತ್ತು ಉಳಿಯುವುದಿಲ್ಲ. ಹನ್ನೊಂದು ವರ್ಷ ಇದೇ ವಾಸನೆ ಕುಡಿದವನ ಮಾತು ಇದು.

ಬೆಲ್ಟಿನ ಮೇಲೆ ಬಾಟಲಿ ಯಾವ ವೇಗದಲ್ಲಿ ಬರುತ್ತದೆ ಎಂದು ನಿನಗೆ ಗೊತ್ತಿಲ್ಲ. ಎಂಟು ಜನ ನಿಂತರೂ ಕಣ್ಣು ಕಟ್ಟುತ್ತದೆ. ಇಪ್ಪತ್ತಮೂರನ್ನು ಯಾರು ನೋಡುತ್ತಾರೆ? ದಾರ ಗೀರ ಎಲ್ಲ ಬಿಟ್ಟು ಮಕ್ಕಳಿಗೆ ಗೊಬ್ಬರದ ಗುಂಡಿಯನ್ನೇ ಚೆನ್ನಾಗಿ ತೋರಿಸು. ಅದು ಕಣ್ಣೆದುರಿಗೇ ಇದೆ, ಯಾರ ಕಾಗದಕ್ಕೂ ಕಾಯಬೇಕಾಗಿಲ್ಲ.

ಬೆನ್ನು ನೋವು ಹಾಗೇ ಇದೆ. ಮನೆಯಲ್ಲಿ ಎಲ್ಲರೂ ಕ್ಷೇಮ.

ತಮ್ಮ

ಜುಲೈ ೬

ತಮ್ಮಾ,

ಸೋಮಾರಿತನಕ್ಕೂ ಒಂದು ಮಿತಿ ಬೇಕಪ್ಪ. ಚಿಕ್ಕವನಿದ್ದಾಗ ಹೋಮ್‌ವರ್ಕ್ ಮಾಡದೆ ‘ಪ್ರಶ್ನೆಯೇ ತಪ್ಪು’ ಎನ್ನುತ್ತಿದ್ದವನು ಈಗಲೂ ಅದನ್ನೇ ಬರೆಯುತ್ತೀಯ. ಎಲ್ಲ ಸಿಗಬೇಕೆಂದು ಯಾರು ಹೇಳಿದರು? ಒಂದು ಕಂಡರೆ ಸಾಕು.

ಶುಕ್ರವಾರ ದಾರ ಕಟ್ಟಿಸಿದೆ. ಏಳು ವರ್ಷದ ಕೈಗಳಿಗೆ ಗಂಟು ಹಾಕುವುದು ಎಂಥ ಕೆಲಸ ಎಂದು ಆ ದಿನ ಗೊತ್ತಾಯಿತು. ಒಬ್ಬ ಬಾಟಲಿಯ ಜೊತೆ ತನ್ನ ಹೆಬ್ಬೆರಳನ್ನೂ ಸೇರಿಸಿ ಕಟ್ಟಿಕೊಂಡ. ಇನ್ನೊಬ್ಬಳು ಹನ್ನೆರಡು ಗಂಟು ಹಾಕಿ, ಹದಿಮೂರನೆಯದಕ್ಕೆ ನನ್ನನ್ನು ಕರೆದಳು. ಕೆಂಪು ಉಂಡೆ ಇಪ್ಪತ್ತೆರಡು ಬಾಟಲಿಗೇ ಮುಗಿಯಿತು. ಇಪ್ಪತ್ತಮೂರನೆಯದಕ್ಕೆ ಏನೋ ಒಂದು ವ್ಯವಸ್ಥೆ ಆಯಿತು. ಅದು ದೊಡ್ಡ ಕಥೆ, ಈಗ ಬರೆಯಲು ಕೈ ಸೋತಿದೆ.

ಬಾಟಲಿಗಳ ಚೀಲ ಸ್ಟಾಫ್ ರೂಮಿನ ಬಾಗಿಲಲ್ಲಿದೆ. ಬರುವ ಶನಿವಾರ ಗಾಡಿಗೆ ಹೋಗುತ್ತದೆ. ಮಕ್ಕಳು ನಿನಗೆ ಹೆಸರೂ ಇಟ್ಟಾಗಿದೆ, ಕಸದ ಮಾಮ. ಸಿಟ್ಟಾಗಬೇಡ. ನನಗೆ ಅವರು ಹಿಂದಿನಿಂದ ಏನೆನ್ನುತ್ತಾರೋ ನನಗೇ ಗೊತ್ತಿಲ್ಲ.

ಪ್ರಾರ್ಥನೆ ಮುಗಿಯುವುದೇ ತಡ, “ಮಿಸ್, ಮಾಮ ಕಾಗದ ಹಾಕಿದ್ರಾ?”

“ಬಾಟಲಿಯೇ ಇನ್ನೂ ಹೊರಟಿಲ್ಲವಲ್ಲೋ!”

“ಮೊದಲೇ ಹಾಕಿರಬಹುದಲ್ವಾ ಮಿಸ್?”

ಇಂಥವರಿಗೆ ಪಾಠ ಮಾಡಿಯೇ ನನ್ನ ಕೂದಲು ಹೀಗಾಗಿರುವುದು.

ಅಕ್ಕ

ಜುಲೈ ೨೧

ಅಕ್ಕಾ,

ಸಿಹಿ ಸುದ್ದಿ. ನಿನ್ನ ಬಾಟಲಿಗಳು ಬಂದವು. ಹದಿನೈದನೆಯ ತಾರೀಕು ಬೆಳಿಗ್ಗೆಯೆಲ್ಲ ಬೆಲ್ಟಿನ ಮುಂದೆಯೇ ನಿಂತಿದ್ದೆ, ನನ್ನ ಕೈಯಾರೆ ಹದಿನೇಳು ಎತ್ತಿದೆ. ಎಲ್ಲದಕ್ಕೂ ಕೆಂಪು ದಾರ, ಅಚ್ಚುಕಟ್ಟಾದ ಗಂಟು. ಮಕ್ಕಳ ಕೈಚಳಕ ನೋಡಿ ನಮ್ಮವರೆಲ್ಲ ಬೆರಗಾದರು.

ಬಾಟಲಿಗಳನ್ನು ತೊಳೆದು, ಒತ್ತಿ, ದೊಡ್ಡ ದೊಡ್ಡ ಇಟ್ಟಿಗೆಯಂತೆ ಕಟ್ಟಿ ಕಾರ್ಖಾನೆಗೆ ಕಳಿಸಿದ್ದೇವೆ. ಅಲ್ಲಿ ಅವು ಸಣ್ಣ ಮಣಿಗಳಾಗಿ, ಮಣಿಗಳು ಕರಗಿ, ಬಣ್ಣ ಬಣ್ಣದ ಮಗ್ಗುಗಳಾಗುತ್ತವೆ. ಮುಂದೊಂದು ದಿನ ನಿಮ್ಮ ಶಾಲೆಯ ನಲ್ಲಿಯ ಹತ್ತಿರ ಇರುವ ಮಗ್ಗು ಅದೇ ಬಾಟಲಿಯದಾಗಿದ್ದರೂ ಆಶ್ಚರ್ಯವಿಲ್ಲ ಎಂದು ಮಕ್ಕಳಿಗೆ ಹೇಳು. ಕಸದ ಮಾಮ ಎಲ್ಲರಿಗೂ ಶಾಭಾಸ್ ಎಂದಿದ್ದಾನೆ ಎಂದೂ ಹೇಳು.

ಬಾಣಕ್ಕೆ ಶಾಯಿ ಹಚ್ಚಬಹುದು.

ನಿನ್ನ ತಮ್ಮ

ಜುಲೈ ೨೨

ತಮ್ಮಾ,

ನೀನು ದಿನವೂ ಬೆಲ್ಟಿನ ಮುಂದೆ ಕಣ್ಣು ಅಗಲಿಸಿಕೊಂಡು ನಿಂತಿದ್ದರೆ ಕ್ಷಮಿಸಬೇಕು. ಬಾಟಲಿಗಳು ಇನ್ನೂ ಇಲ್ಲೇ ಇವೆ. ನಮ್ಮ ಬೀದಿಯ ಗಾಡಿ ಕೆಟ್ಟು ನಿಂತು ಎರಡು ಶನಿವಾರ ಹೋದವು. ಊರಿನ ಬೇರೆ ಬೀದಿಗಳಿಗೆ ಗಾಡಿ ಬರುತ್ತಿದೆ, ನಮ್ಮದಕ್ಕೆ ಮಾತ್ರ ‘ನಾಳೆ’ ಬರುತ್ತಿದೆ.

ಚೀಲ ಸ್ಟಾಫ್ ರೂಮಿನ ಬಾಗಿಲಲ್ಲೇ ಕೂತಿದೆ. ಮಕ್ಕಳು ಸರದಿಯ ಮೇಲೆ ಬಂದು ಎಣಿಸಿ ಹೋಗುತ್ತಾರೆ. ಪ್ರತಿ ಸಲವೂ ಇಪ್ಪತ್ತಮೂರೇ ಆಗುವುದರಿಂದ ಅವರಿಗೆ ಎಣಿಕೆ ಚೆನ್ನಾಗಿ ಬಂದಿದೆ, ಅದೊಂದು ಲಾಭ. ಹೆಡ್ ಮೇಡಂ ಮಾತ್ರ ಚೀಲಕ್ಕೆ ಎಡವಿದಾಗಲೆಲ್ಲ ಕೇಳುತ್ತಾರೆ, “ಏನ್ರೀ ಇದು, ಸ್ಟಾಫ್ ರೂಮಾ, ಗುಜರಿ ಅಂಗಡೀನಾ?” ಎರಡಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ ಮೇಡಂ ಎನ್ನಬೇಕೆಂದಿದ್ದೆ, ಎನ್ನಲಿಲ್ಲ.

ಇವತ್ತು ಯಾಕಮ್ಮ ಕೇಳಿದಳು, “ಮಾಮ ಕಾಯ್ತಾ ಇರ್ತಾರಲ್ವಾ ಮಿಸ್? ಪಾಪ, ಕಾಲು ನೋಯಲ್ವಾ?” ನೋಯುವುದು ಬೆನ್ನು ಎಂದೆ.

ಚೀಲ ಹೊರಟ ದಿನ ಬರೆಯುತ್ತೇನೆ.

ಅಕ್ಕ

ಆಗಸ್ಟ್ ೧

ತಮ್ಮನಿಗೆ,

ನಿನ್ನ ಜುಲೈ ೨೧ರ ಪತ್ರ ತಲುಪಿತು. ಸಂತೋಷ.

ಮಕ್ಕಳಿಗೆ ಓದಿ ಹೇಳಿಲ್ಲ. ಗಂಟಲು ಸರಿಯಿಲ್ಲ ಎಂದೆ.

ಪತ್ರದ ಹಿಂಬದಿಯನ್ನೂ ಓದಿದೆ. ಜೂನಿನ ಪತ್ರದ ಹಿಂದೆ ವಿಂಗಡಣೆಯ ಹಳೆಯ ಪಟ್ಟಿ ಇತ್ತು. ಇದರ ಹಿಂದೆ ‘ಗೇಟ್, ಒಳಬಂದ ವಾಹನ’ ಎಂದು ಅಚ್ಚಾಗಿದೆ. ಜುಲೈ ೧೫, ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಮೂರರವರೆಗೆ ಲಾರಿಗಳ ನಂಬರು, ಬಂದ ಹೊತ್ತು. ಕೆಳಗೆ ನಿನ್ನ ಸಹಿ. ಅಕ್ಷರ ಮೊದಲಿಗಿಂತ ದುಂಡಗಾಗಿದೆ.

ಚೀಲ ಮೊನ್ನೆ, ಜುಲೈ ೩೦ರಂದು, ಗಾಡಿಗೆ ಹೋಯಿತು. ಇಪ್ಪತ್ತಮೂರೂ ಇದ್ದವು. ಮಕ್ಕಳು ಕೊನೆಯ ಸಲ ಎಣಿಸಿದರು.

ಬೆನ್ನಿಗೆ ಬಿಸಿನೀರಿನ ಶಾಖ ಕೊಡು.

ಅಕ್ಕ

ಆಗಸ್ಟ್ ೯

ಅಕ್ಕಾ,

ನೀನು ಬೈದಿದ್ದರೆ ಚೆನ್ನಾಗಿತ್ತು. ‘ತಮ್ಮನಿಗೆ’ ಎಂದು ಶುರು ಮಾಡಿದ್ದೀಯ ನೋಡು, ಅದನ್ನು ಓದಿ ಒಂದಷ್ಟು ಹೊತ್ತು ಗೇಟಿನಲ್ಲಿ ಲಾರಿ ನಿಲ್ಲಿಸಿಕೊಂಡೇ ಕೂತಿದ್ದೆ. ಚಾಲಕ ಹಾರ್ನ್ ಹೊಡೆದು ಹೊಡೆದು, ಕೊನೆಗೆ ಇಳಿದು ಬಂದು, “ಸಾರ್, ಬದುಕಿದೀರಾ?” ಎಂದ.

ನಿನ್ನ ಇಪ್ಪತ್ತೆರಡರ ಪತ್ರ ಬಂದ ದಿನವೇ ಸಿಕ್ಕಿಬಿದ್ದೆ ಎಂದು ಗೊತ್ತಾಯಿತು. ನನ್ನದು ಆಗಲೇ ಹೊರಟುಹೋಗಿತ್ತು. ಅಂಚೆಗೆ ಹಾಕಿದ್ದನ್ನು ಹಿಂದಕ್ಕೆ ತೆಗೆಯಲು ಬರುವುದಿಲ್ಲ.

ಇರುವುದನ್ನು ಇದ್ದ ಹಾಗೆ ಬರೆಯುತ್ತೇನೆ. ಬೆಲ್ಟಿನ ಮೋಟರ್ ಫೆಬ್ರವರಿಯಲ್ಲಿ ಸುಟ್ಟುಹೋಯಿತು. ಹದಿನೈದು ದಿನದಲ್ಲಿ ಹೊಸದು ಬರುತ್ತದೆ ಎಂದರು. ಬಂದಿಲ್ಲ. ಶೆಡ್ಡಿನೊಳಗೆ ಈಗ ಪಾರಿವಾಳಗಳಿವೆ, ಬೆಲ್ಟಿನ ಮೇಲೆ ಅವುಗಳೇ ಸಾಲಾಗಿ ಕೂರುತ್ತವೆ. ನಾವು ಎಂಟು ಜನರಲ್ಲಿ ಏಳು ಮಂದಿಯನ್ನು ಬೇರೆ ಕಡೆ ಕಳಿಸಿದರು, ನನ್ನನ್ನು ಗೇಟಿಗೆ ಹಾಕಿದರು. ನಲವತ್ತೆರಡು ವರ್ಷದ ಮನುಷ್ಯ, ಲಾರಿ ಬಂತು ಎಂದು ಬರೆಯುತ್ತೇನೆ, ಲಾರಿ ಹೋಯಿತು ಎಂದು ಬರೆಯುತ್ತೇನೆ. ಲಾರಿಗಳು ನೇರ ಹಿಂದಿನ ಕಸದ ಗುಡ್ಡಕ್ಕೆ ಹೋಗುತ್ತವೆ. ನಿನ್ನ ಹಸಿರು ಡಬ್ಬಿಯದೂ ಅಲ್ಲಿಗೇ, ನೀಲಿ ಡಬ್ಬಿಯದೂ ಅಲ್ಲಿಗೇ. ನಿನ್ನ ಪದ್ಯದ ಮೂರನೆಯ ಸಾಲಿನ ಹಾಗೆ ಎರಡೂ ಕಲೆಸಿ ಸುಮ್ಮನೆ ಕೂತವನು ನಾನೇ.

ಯಾಕೆ ಸುಳ್ಳು ಬರೆದೆ ಎಂದು ನೀನು ಕೇಳಲಿಲ್ಲ. ಆದರೂ ಹೇಳುತ್ತೇನೆ. ಹನ್ನೊಂದು ವರ್ಷ ಹನ್ನೊಂದು ತರಗತಿಗಳಿಗೆ ನೀನು ‘ನನ್ನ ತಮ್ಮ’ ಎಂದು ಹೇಳಿದ್ದೀಯ. ನಾನು ಹೆಮ್ಮೆ ಪಡುವಂಥದ್ದು ಇನ್ನೇನೂ ಮಾಡಿಲ್ಲ, ನಿನಗೆ ಗೊತ್ತೇ ಇದೆ. ಪತ್ರ ಬರೆಯುತ್ತಾ ಬರೆಯುತ್ತಾ, ಆ ಮಣಿ, ಆ ಬಣ್ಣದ ಮಗ್ಗು ಎಲ್ಲ ನನಗೇ ನಿಜ ಅನ್ನಿಸತೊಡಗಿತು. ಆ ಒಂದು ಗಂಟೆ ಬೆನ್ನು ನೋವು ಕೂಡ ಇರಲಿಲ್ಲ.

ಮಕ್ಕಳಿಗೆ ಏನು ಹೇಳಬೇಕೋ ಹೇಳು. ಕಸದ ಮಾಮನಿಗೆ ವರ್ಗ ಆಯಿತು ಎಂದರೂ ಆಗುತ್ತದೆ.

ತಮ್ಮ

ಆಗಸ್ಟ್ ೧೮

ತಮ್ಮಾ,

ಮತ್ತೆ ‘ತಮ್ಮಾ’ ಎಂದೇ ಬರೆದಿದ್ದೇನೆ. ಲಾರಿಗಳನ್ನು ನಿಲ್ಲಿಸಬೇಡ.

ಸಿಟ್ಟು ಬಂದಿತ್ತು. ಎರಡು ದಿನ ಇತ್ತು. ಮೂರನೆಯ ದಿನ ಸಿಟ್ಟಿಗೂ ಸುಸ್ತಾಯಿತು. ನೀನು ನೋಡದೆ ಒಂದು ಸಲ ಬರೆದೆ, ನಾನು ನೋಡದೆ ಹನ್ನೊಂದು ವರ್ಷ ಹೇಳಿದೆ. ಯಾರು ಯಾರಿಗೆ ಬೈಯುವುದು?

ಮಕ್ಕಳಿಗೆ ಇನ್ನೂ ಏನೂ ಹೇಳಿಲ್ಲ. ಪಾಲಕರ ದಿನ ಸೆಪ್ಟೆಂಬರ್ ೧೩ಕ್ಕೆ ಗೊತ್ತಾಗಿದೆ. ಹೆಡ್ ಮೇಡಂ ದಿನವೂ ಚಾರ್ಟಿನ ಮುಂದೆ ನಿಲ್ಲುತ್ತಾರೆ.

“ಒಂದು ಬಾಣ ಎಳೆಯೋಕೆ ಎಷ್ಟು ದಿನ ರೀ ನಿಮಗೆ?”

“ಅದು ಎಲ್ಲಿಗೆ ಹೋಗುತ್ತೆ ಅಂತ ಗೊತ್ತಿಲ್ಲ ಮೇಡಂ.”

“ಪುಸ್ತಕದಲ್ಲಿ ಇದೆಯಲ್ಲ!”

“ಪುಸ್ತಕದವರೂ ನೋಡಿರಲಿಕ್ಕಿಲ್ಲ ಮೇಡಂ.”

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಹನ್ನೆರಡರ ಸಂಜೆಯೊಳಗೆ ಚಾರ್ಟು ಮುಗಿಯದಿದ್ದರೆ, ಬಾಣ ಬೇರೆಯವರು ಎಳೆಯುತ್ತಾರೆ, ಮುಂದಿನ ವರ್ಷ ಪಾಠವೂ ಬೇರೆಯವರದು ಎಂದರು. ಅವರು ಕೆಟ್ಟವರಲ್ಲ. ಪಾಲಕರ ಮುಂದೆ ಅರ್ಧ ಸುತ್ತು ತೋರಿಸಲು ಯಾರಿಗೆ ಮನಸ್ಸಾಗುತ್ತದೆ?

ನಿಜ ಹೇಳಲೇ? ನಿನ್ನೆ ಎಲ್ಲರೂ ಮನೆಗೆ ಹೋದ ಮೇಲೆ ಸ್ಕೆಚ್ ಪೆನ್ನು ಕೈಗೆತ್ತಿಕೊಂಡಿದ್ದೆ. ಮುಚ್ಚಳವನ್ನೂ ತೆಗೆದೆ. ಒಂದು ಗೆರೆ, ಅದರ ತುದಿಗೆ ಎರಡು ಪುಟ್ಟ ಗೆರೆ, ಅಷ್ಟೇ ಕೆಲಸ. ಎದುರಿನ ಗೋಡೆಯಲ್ಲಿ ನಾನೇ ಬರೆಸಿದ ಅಕ್ಷರ ಇಲ್ಲದಿದ್ದರೆ ಎಳೆದುಬಿಡುತ್ತಿದ್ದೆ. ಗೋಡೆಗಾದರೂ ಸುಣ್ಣ ಹೊಡೆಸಬಹುದು. ಯಾಕಮ್ಮನ ಮುಖಕ್ಕೆ ಏನು ಹೊಡೆಸುವುದು?

ನಿನಗೆ ಒಂದೇ ಹೋಮ್‌ವರ್ಕ್. ಗುಡ್ಡ ನಿನ್ನ ಗೇಟಿನ ಹಿಂದೆಯೇ ಇದೆ ಎಂದೆಯಲ್ಲ. ರಜೆಯ ದಿನ ಹೋಗಿ ಬಾಟಲಿ ಹುಡುಕಿ ನೋಡು. ಸಮಾಧಾನ ಹೇಳಿ ಬರೆಯಬೇಡ, ಕಂಡದ್ದನ್ನೆಲ್ಲ ಬರೆ. ಸಿಗದಿದ್ದರೆ ಸಿಗಲಿಲ್ಲ ಎಂದು ಬರೆ. ಸಿಗಲಿಲ್ಲ ಎನ್ನುವುದೂ ಕಂಡದ್ದೇ.

ಅಕ್ಕ

ಸೆಪ್ಟೆಂಬರ್ ೩

ಅಕ್ಕಾ,

ಎರಡು ಭಾನುವಾರ ಹೋಗಿ ಬಂದೆ. ಕಂಡದ್ದನ್ನು ಬರೆಯುತ್ತೇನೆ, ಚಂದ ಮಾಡಿ ಬರೆಯುವುದಿಲ್ಲ.

ಹನ್ನೊಂದು ವರ್ಷದಲ್ಲಿ ಗುಡ್ಡದ ಮೇಲೆ ಕಾಲಿಟ್ಟದ್ದು ಇದೇ ಮೊದಲು. ಕೆಳಗಿನಿಂದ ಅದು ಗುಡ್ಡದ ಹಾಗೆ ಕಾಣುತ್ತದೆ, ಮೇಲೆ ಹೋದರೆ ಹಾಸಿಗೆಯ ಹಾಗೆ. ಕಾಲು ಹೂತುಹೋಗುತ್ತದೆ. ಕೆಲವು ಕಡೆ ಬಿಸಿ ಇದೆ, ಒಳಗೆ ಏನೋ ಬೇಯುತ್ತಿರುವ ಹಾಗೆ ಆವಿ ಏಳುತ್ತದೆ. ಸಿಪ್ಪೆ, ತರಕಾರಿ ಎಲ್ಲ ಕೊಳೆಯುತ್ತವೆ, ಆದರೆ ನಿನ್ನ ಗುಂಡಿಯಲ್ಲಿ ಆಗುವ ಹಾಗೆ ಮಣ್ಣಾಗುವುದಿಲ್ಲ. ಪ್ಲಾಸ್ಟಿಕ್ಕಿನೊಳಗೆ ಉಸಿರು ಕಟ್ಟಿ ಕಪ್ಪು ನೀರಾಗುತ್ತವೆ. ನನ್ನ ಹೊಸ ಬೂಟು ಇನ್ನು ಯಾವ ಬೂಟಿನ ಹಾಗೂ ಇಲ್ಲ.

ಅಲ್ಲಿ ಆಯುವ ಹೆಂಗಸರು ಒಂದು ಹತ್ತು ಜನ ಇದ್ದಾರೆ. ಗೇಟಿನಲ್ಲಿ ಕೂತವನಿಗೆ ಅವರು ಬೇಲಿಯ ಸಂದಿಯಿಂದ ಬರುತ್ತಾರೆ ಎಂದು ಗೊತ್ತು, ಗೊತ್ತಿಲ್ಲದ ಹಾಗೆ ಕೂರುತ್ತೇನೆ. ಅವರಲ್ಲಿ ಹಿರಿಯಳನ್ನು ಎಲ್ಲರೂ ಅಜ್ಜಿ ಎನ್ನುತ್ತಾರೆ. ನಾನು ಕಬ್ಬಿಣದ ಕೋಲಿನಲ್ಲಿ ಕೆದಕುವುದನ್ನು ನೋಡಿ ಅಜ್ಜಿ ಸೊಂಟಕ್ಕೆ ಕೈ ಕೊಟ್ಟು ನಿಂತಳು.

“ಏನ್ ಕಳ್ಕೊಂಡ್ರಿ ಗೇಟ್ ಸಾಹೇಬ್ರೇ? ಉಂಗುರಾನಾ?”

“ಬಾಟ್ಲಿ ಅಜ್ಜಿ.”

“ಅಯ್ಯೋ, ಅದಕ್ಕೇನ್ ಬರ! ಯಾವುದು ಬೇಕು ಆರಿಸ್ಕೊಳ್ಳಿ!”

ಹತ್ತೂ ಜನ ನಕ್ಕರು. ನಾನೂ ನಕ್ಕೆ. ಇನ್ನೇನು ಮಾಡಲಿ? “ಕತ್ತಿಗೆ ಕೆಂಪು ದಾರ ಕಟ್ಟಿರೋದು ಅಜ್ಜಿ” ಎಂದೆ. ಅವಳ ನಗು ನಿಂತಿತು.

“ಯಾಕೆ? ದಾರ ವಾಪಸ್ ಬೇಕಾ?”

ಅವಳ ಹಿಂದೆ ತುಂಬಿದ ಚೀಲಗಳು ಸಾಲಾಗಿ ನಿಂತಿದ್ದವು. ಅದರಲ್ಲಿ ಆರರ ಬಾಯಿಗೆ ಕೆಂಪು ದಾರ ಕಟ್ಟಿತ್ತು. ಬಾಟಲಿಯಿಂದ ಬಿಚ್ಚಿ ಇಟ್ಟುಕೊಂಡಳಂತೆ. ಚೀಲ ಕಟ್ಟಲು ಒಳ್ಳೆಯ ದಾರ ಸಿಗುವುದು ಅಪರೂಪವಂತೆ. “ಗಂಟು ಬಿಚ್ಚೋಕೆ ಹಲ್ಲು ಬೇಕಾಯ್ತು ಸಾಹೇಬ್ರೇ, ಯಾರೋ ಹನ್ನೆರಡು ಗಂಟು ಹಾಕವ್ರೆ. ನನಗಿರೋದೇ ನಾಲ್ಕು ಹಲ್ಲು” ಎಂದಳು. ಬಾಟಲಿಗಳನ್ನು ಗುಜರಿಯವನು ತೆಗೆದುಕೊಂಡು ಹೋದನಂತೆ. ಗುಜರಿಯವನು ಎಲ್ಲಿಗೆ ಕಳಿಸುತ್ತಾನೆ ಎಂದು ಅವಳಿಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ. ಮಗ್ಗು ಆಗುತ್ತದೋ ಏನೋ, ನೋಡಿಲ್ಲ.

ನೋಡು ಅಕ್ಕಾ, ಮೋಟರ್ ಸುಟ್ಟ ಮೇಲೆ ವಿಂಗಡಣೆ ನಿಂತೇಹೋಯಿತು ಎಂದು ನಾನು ತಿಳಿದಿದ್ದೆ. ನಿಂತದ್ದು ನಾವು ಎಂಟು ಜನ ಮಾತ್ರ.

ಎರಡನೆಯ ಭಾನುವಾರ ಒಬ್ಬನೇ ಹುಡುಕಿದೆ. ಕೆಂಪು ದಾರದ ಬಾಟಲಿ ಒಂದೂ ಸಿಗಲಿಲ್ಲ. ಚಪ್ಪಟೆಯಾದ ಒಂದು ಬಾಟಲಿಗೆ ಬಿಳಿ ಶೂ ಲೇಸ್ ಕಟ್ಟಿತ್ತು. ನಾಲ್ಕು ಸುತ್ತು ಸುತ್ತಿ, ಮೇಲೊಂದು ಉಂಡೆಯಂಥ ಗಂಟು. ತುದಿಗಳನ್ನು ಯಾರೋ ಅಗಿದು ಅಗಿದು ಬಣ್ಣ ಹಚ್ಚುವ ಕುಂಚದ ಹಾಗೆ ಮಾಡಿದ್ದರು. ಅದು ನಿಮ್ಮದಲ್ಲ ಎಂದು ಬಿಸಾಡಿದೆ. ಕಂಡದ್ದನ್ನೆಲ್ಲ ಬರೆ ಎಂದಿದ್ದೀಯ, ಅದಕ್ಕೇ ಅದನ್ನೂ ಬರೆದೆ.

ಅಷ್ಟೇ. ನಿನ್ನ ಬಾಣಕ್ಕೆ ಇದರಿಂದ ಏನೂ ಉಪಯೋಗ ಆಗಲಿಕ್ಕಿಲ್ಲ.

ತಮ್ಮ

ಸೆಪ್ಟೆಂಬರ್ ೧೪

ತಮ್ಮಾ,

ಇಪ್ಪತ್ತಮೂರನೆಯ ಬಾಟಲಿಯ ಕಥೆ ಆಗ ಬರೆಯದೆ ಬಿಟ್ಟಿದ್ದೆನಲ್ಲ, ಈಗ ಬರೆಯುತ್ತೇನೆ.

ಆ ಶುಕ್ರವಾರ ಕೆಂಪು ಉಂಡೆ ಮುಗಿದಾಗ ಕೊನೆಯ ಬಾಟಲಿ ಹಿಡಿದು ನಿಂತಿದ್ದವಳು ಯಾಕಮ್ಮ. ನಾಳೆ ದಾರ ತರುತ್ತೇನೆ ಎಂದೆ. “ನಾಳೆ ಯಾಕೆ?” ಎಂದವಳೇ ನೆಲದ ಮೇಲೆ ಕೂತು, ತನ್ನ ಎಡಗಾಲಿನ ಶೂ ಲೇಸ್ ಎಳೆದು ತೆಗೆದು ಕಟ್ಟಿದಳು. ಆವತ್ತು ಒಂದು ಶೂ ಚಟಪಟ ಬಡಿಸಿಕೊಂಡು ಮನೆಗೆ ಹೋದಳು. ಮನೆಯಲ್ಲಿ ಬೈಗುಳ ತಿಂದಳು. ಅವಳಿಗೆ ಲೇಸಿನ ತುದಿ ಅಗಿಯುವ ಚಟ. ಒಂದು ಕಾಲನ್ನು ಬೆಂಚಿನ ಮೇಲೆ ಮಡಚಿ ಇಟ್ಟುಕೊಂಡು, ಪಾಠ ಕೇಳುತ್ತಾ ಅಗಿಯುತ್ತಾಳೆ. ನಾನು ನೂರು ಸಲ ಗದರಿದ್ದೇನೆ.

ನಿನ್ನ ಪತ್ರ ಒಂಬತ್ತರಂದು ತರಗತಿಯಲ್ಲಿ ಪೂರ್ತಿ ಓದಿದೆ. ಅದಕ್ಕೂ ಮೊದಲು ಮೋಟರಿನ ವಿಷಯ, ಪಾರಿವಾಳದ ವಿಷಯ ಹೇಳಿದೆ. ಹನ್ನೊಂದು ವರ್ಷ ನಾನು ನೋಡದೆ ಹೇಳಿದ್ದೂ ಹೇಳಿದೆ. ನಿನ್ನ ಜುಲೈ ಪತ್ರದ ಬಗ್ಗೆ ಹೇಳಿಲ್ಲ. ಅದನ್ನು ನೀನು ಯಾವತ್ತಾದರೂ ಬಂದಾಗ ನೀನೇ ಹೇಳಬೇಕು. ಹನ್ನೆರಡು ಗಂಟು, ನಾಲ್ಕು ಹಲ್ಲು ಎಂಬಲ್ಲಿಗೆ ಬಂದಾಗ ಎಲ್ಲರೂ ಒಬ್ಬಳ ಕಡೆ ತಿರುಗಿದರು. ಅವಳು ಮುಖ ಮುಚ್ಚಿಕೊಂಡು ನಕ್ಕಳು. ಬಿಳಿ ಲೇಸ್ ಎಂಬಲ್ಲಿಗೆ ಬಂದೆ. ಮುಂದಿನದನ್ನು ಓದುವ ಮೊದಲೇ ಯಾಕಮ್ಮ ಬಲಗಾಲು ಎತ್ತಿ ಬೆಂಚಿನ ಮೇಲಿಟ್ಟಳು. ಆ ಲೇಸಿನ ಎರಡು ತುದಿಯೂ ಕುಂಚ.

“ಅದು ನಂದು ಮಿಸ್.”

“ಹೌದಮ್ಮ. ನಿಂದೇ.”

“ಮಾಮ ನಿಜವಾಗ್ಲೂ ನೋಡಿದ್ರು!”

“ನಿಜವಾಗ್ಲೂ ನೋಡಿದ್ರು.”

ನಾನು ಉಳಿದ ಸಾಲುಗಳನ್ನು ಓದಿ ಮುಗಿಸಿದಾಗ ಕೇಳಿದಳು, “ಮತ್ತೆ ಯಾಕೆ ಬಿಸಾಕಿದ್ರು?”

ಉತ್ತರ ಮಾಮನನ್ನೇ ಕೇಳೋಣ ಎಂದೆ. ನೀನೇ ಕೊಡು.

ಹತ್ತರಂದು ಗುಂಡಿ ಅಗೆದೆವು. ಸಿಪ್ಪೆ ಇಲ್ಲ, ಎಲೆಯ ನಾರು ಮಾತ್ರ ಇದೆ, ಕಾಗದ ಅರ್ಧ. ಮುಚ್ಚಳ ಹೂತ ದಿನದ ಹಾಗೇ ಹೊಳೆಯುತ್ತಿತ್ತು. ಆ ದಿನಕ್ಕೆಂದೇ ಒಂದು ಪದ್ಯ ಮಾಡಿಟ್ಟಿದ್ದೆ:

ಸಿಪ್ಪೆ ಕೊಳೆತು ಮಣ್ಣಾಯ್ತು,
ಮಣ್ಣೇ ಮತ್ತೆ ಹಣ್ಣಾಯ್ತು…

ಎರಡನೆಯ ಸಾಲಿಗೇ ತಡೆದರು. “ಹಣ್ಣಾಗಿದ್ದು ನಾವು ನೋಡಿಲ್ಲ ಮಿಸ್.” ಒಳ್ಳೆಯ ಪ್ರಾಸ ಒಂದು ಹಾಳಾಯಿತು. ಗುಂಡಿಯ ಮಣ್ಣಿಗೆ ಬೀಜ ಹಾಕಿದ್ದೇವೆ. ಇನ್ನು ಪ್ರಾಸಕ್ಕಾಗಿ ಕಾಯಬೇಕು.

ಚಾರ್ಟನ್ನು ಮಕ್ಕಳೇ ಮುಗಿಸಿದರು. ಲಾರಿಯ ಬಾಣ ಶೆಡ್ಡಿಗೆ ಹೋಗುವುದಿಲ್ಲ. ಶೆಡ್ಡಿನಲ್ಲಿ ಪಾರಿವಾಳ ಬರೆದಿದ್ದಾರೆ. ಬಾಣ ಗುಡ್ಡಕ್ಕೆ ಹೋಗುತ್ತದೆ, ಗುಡ್ಡದಿಂದ ಒಂದು ಸಣ್ಣ ಬಾಣ ಅಜ್ಜಿಯ ಚೀಲಕ್ಕೆ, ಚೀಲದಿಂದ ಗುಜರಿಗೆ. ಅಲ್ಲಿಂದ ಮುಂದೆ ಪೆನ್ಸಿಲ್. ಗುಡ್ಡದ ಮೇಲೆ ಕೋಲು ಹಿಡಿದು ನಿಂತವನು ನೀನು. ಮೂಗು ಸ್ವಲ್ಪ ದೊಡ್ಡದಾಗಿದೆ. ವಾಸನೆ ನೋಡಬೇಕಲ್ಲ, ಅದಕ್ಕೆ ಎಂದರು.

ಹೆಡ್ ಮೇಡಂ ಹನ್ನೆರಡರ ಸಂಜೆ ಬಂದು ನಿಂತರು. “ಇದು ಸುತ್ತು ಆಗ್ಲೇ ಇಲ್ಲವಲ್ರೀ.” “ಆಗ್ಲಿಲ್ಲ ಮೇಡಂ.” ತುಂಬಾ ಹೊತ್ತು ನೋಡಿದರು. “ಈ ಪಾರಿವಾಳ ಯಾಕೆ?” ಎಂದರು. ಹೇಳಿದೆ. ಕನ್ನಡಕ ಒರೆಸಿಕೊಂಡು, “ನೇರವಾಗಿ ತೂಗುಹಾಕಿ, ವಾಲಿದೆ” ಎಂದು ಹೋದರು. ಮುಂದಿನ ವರ್ಷದ ಪಾಠ ಯಾರದು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಪಾಲಕರಲ್ಲಿ ಮೂವರು ಮೆಚ್ಚಿದರು, ಉಳಿದವರು ತಮ್ಮ ಮಕ್ಕಳ ಹೆಸರು ಎಲ್ಲಿದೆ ಎಂದು ಹುಡುಕಿದರು.

ಇದರ ಜೊತೆ ಒಂದು ಉಂಡೆ ಕೆಂಪು ದಾರ ಇದೆ. ಅಜ್ಜಿಗೆ. ಗಂಟು ಹಾಕದ್ದು, ಹಲ್ಲಿಗೆ ತೊಂದರೆ ಇಲ್ಲ.

ಅಕ್ಕ

ಸೆಪ್ಟೆಂಬರ್ ೨೯

ಅಕ್ಕಾ,

ದಾರ ಕೊಟ್ಟೆ. ಅಜ್ಜಿ ಉಂಡೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ಮಕ್ಕಳು ಕೊಟ್ರಾ? ಯಾಕೆ?”

“ಚೀಲ ಕಟ್ಕೊಳ್ಳೋಕೆ ಅಜ್ಜಿ.”

“ಅದು ಗೊತ್ತಾಯ್ತು ಸಾಹೇಬ್ರೇ. ಯಾಕೆ ಅಂತ ಕೇಳಿದ್ದು.”

ನಿನ್ನ ತರಗತಿಯಲ್ಲಿ ಇರುವಂಥವಳೇ ಇಲ್ಲೂ ಒಬ್ಬಳಿದ್ದಾಳೆ, ಅರವತ್ತು ವರ್ಷ ದೊಡ್ಡವಳು. ಮಕ್ಕಳ ಚಿತ್ರದಲ್ಲಿ ನಿನ್ನ ಚೀಲವೂ ಇದೆ ಅಜ್ಜಿ ಎಂದೆ. ಉಂಡೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆ ದಿನದ ಚೀಲಗಳಿಗೆ ಮತ್ತೆ ಹಳೆಯ ತುಂಡುಗಳನ್ನೇ ಕಟ್ಟಿದಳು. ನಾನು ಹೊರಟಾಗ ಹಿಂದಿನಿಂದ ಕೂಗಿದಳು, “ಮುಚ್ಚಳ ಬಿಚ್ಚಿ ಹಾಕೋಕೆ ಹೇಳಿ ಮಕ್ಕಳಿಗೆ! ಮುಚ್ಚಳ ಇದ್ರೆ ಒಳಗೆ ಗಾಳಿ ನಿಂತು ಚೀಲದಲ್ಲಿ ಜಾಗ ಹಿಡಿಯುತ್ತೆ!” ಇದು ನಿನ್ನ ಪಾಠಪುಸ್ತಕದಲ್ಲಿ ಇರಲಿಕ್ಕಿಲ್ಲ. ಸೇರಿಸಿಕೋ.

ಆ ಬಾಟಲಿಯನ್ನು ಹುಡುಕಿ ಮತ್ತೆರಡು ಭಾನುವಾರ ಹೋದೆ. ಬಿಸಾಡಿದ ಜಾಗ ಸರಿಯಾಗಿ ನೆನಪಿದೆ. ಅದರ ಮೇಲೆ ಈಗ ನಾಲ್ಕು ವಾರದ ಲಾರಿಗಳು ಸುರಿದಿವೆ. ಆ ಲಾರಿಗಳ ನಂಬರನ್ನೆಲ್ಲ ನಾನೇ ಬರೆದುಕೊಂಡಿದ್ದೇನೆ. ಸಿಗಲಿಲ್ಲ.

ಮೋಟರ್ ಬಂದಿಲ್ಲ. ಒಂದು ಅರ್ಜಿ ಬರೆದಿದ್ದೇನೆ, ಗೇಟಿನ ಚೀಟಿಯ ಹಿಂಬದಿಯಲ್ಲಿ ಅಲ್ಲ, ಒಳ್ಳೆಯ ಹಾಳೆಯಲ್ಲಿ. ಅದರಲ್ಲಿ ಅಜ್ಜಿಯವರನ್ನು ಬೇಲಿಯ ಸಂದಿಯಿಂದಲ್ಲ, ಗೇಟಿನಿಂದಲೇ ಒಳಗೆ ಬಿಡಬೇಕೆಂದೂ ಸೇರಿಸಿದ್ದೇನೆ. ಉತ್ತರ ಬಂದರೆ ಬಂತು ಎನ್ನುತ್ತೇನೆ.

ಬೆನ್ನು ಬಹಳ ನೋಯುತ್ತಿದೆ. ಬರುವ ಭಾನುವಾರ ಮಲಗುತ್ತೇನೆ. ಅದರ ಮುಂದಿನದು ನೋಡೋಣ.

ಯಾಕಮ್ಮನಿಗೆ ಉತ್ತರ: ನಾನು ಕೆಂಪನ್ನು ಮಾತ್ರ ಹುಡುಕುತ್ತಿದ್ದೆ. ಅದಕ್ಕೇ ಕೈಗೆ ಬಂದದ್ದನ್ನು ಬಿಸಾಡಿದೆ. ಇದನ್ನು ಇದ್ದ ಹಾಗೆ ಓದಿ ಹೇಳು.

ಲಕೋಟೆಯೊಳಗೆ ಒಂದು ಬಿಳಿ ಲೇಸ್ ಇದೆ. ಅವಳ ಎಡಗಾಲಿಗೆ. ಗುಡ್ಡದಲ್ಲಿ ಸಿಕ್ಕಿತು ಎಂದು ಹೇಳಬೇಡ ಅಕ್ಕಾ. ಅಂಗಡಿಯದು, ಹೊಸದು. ಹೊಸದು ಎಂದೇ ಹೇಳು.

ತಮ್ಮ